ಶೀನಪ್ಪನ ಬಾಯಿಗೆ ನೀರು

"ಚೊಂಬು ಕೊಡು ದಮಯಂತಿ," ಎಂದು ರುಕ್ಮಯ್ಯ ಎರಡನೆಯ ಸಲ ಕೈ ಚಾಚಿದ. "ಬಾಯಿಗೆ ನೀರು ಬಿಡುವವರೆಲ್ಲ ಬಿಟ್ಟಾಯ್ತು. ಇನ್ನು ಎತ್ತುವ."

ದಮಯಂತಿ ತಾಮ್ರದ ಚೊಂಬನ್ನು ಮಡಿಲಿಗೆ ಒತ್ತಿ ಹಿಡಿದಳು. ತುಳಸಿ ಹಾಕಿದ ನೀರು ಸೀರೆಯ ಮೇಲೆ ಚೆಲ್ಲಿತು. "ಎಲ್ಲರದ್ದೂ ಆಗ್ಲಿಲ್ಲ. ನನ್ನ ತಮ್ಮ ಬರ್ಬೇಕು."

ಜಗಲಿಯಲ್ಲಿ ಪಿಸುಗುಟ್ಟುತ್ತಿದ್ದವರು ಅವಳತ್ತ ತಿರುಗಿದರು. ಬಾಳೆಯೆಲೆಯ ಮೇಲೆ ಮಲಗಿಸಿದ್ದ ಅವಳ ಗಂಡ ಶೀನಪ್ಪನಿಗೆ ಸ್ನಾನವಾಗಿತ್ತು, ಬಿಳಿ ಬಟ್ಟೆ ಹೊದಿಸಿಯಾಗಿತ್ತು. ಎಷ್ಟು ತಿಕ್ಕಿದರೂ ಉಗುರಿನ ಸಂದಿಯ ಗ್ರೀಸು ಮಾತ್ರ ಹೋಗಿರಲಿಲ್ಲ. ಮೂವತ್ತು ವರ್ಷ ಪಾಣೆಮಂಗಳೂರಿನ ಸೇತುವೆಯ ಬಳಿ ಲಾರಿ, ಬಸ್ಸು, ಜೀಪುಗಳ ಎಂಜಿನಿಗೆ ಕೈ ಹಾಕಿದ ಮನುಷ್ಯ. ಒಂದು ಬೆಳಗಿನ ಸಾಬೂನಿಗೆ ಅದು ಬಿಟ್ಟೀತೇ?

ರುಕ್ಮಯ್ಯ ಜಾತಿಯ ಗುರಿಕಾರ. ಊರಿನ ಮದುವೆಯೂ ಅವನ ಬಾಯಲ್ಲೇ ಆಗಬೇಕು, ಹೆಣವೂ ಅವನು ಹೇಳಿದ ಮೇಲೆಯೇ ಏಳಬೇಕು. ಅವನಿಗೆ ಸಿಟ್ಟು ಬಂತು, ಆದರೆ ಸಾವಿನ ಮನೆಯೆಂದು ಸ್ವರ ತಗ್ಗಿಸಿದ. "ಬೆಳಿಗ್ಗೆ ಮೊದಲ ಬಸ್ಸಿನ ಕಂಡಕ್ಟರನಲ್ಲಿ ಬೆಳ್ತಂಗಡಿಗೆ ಹೇಳಿ ಕಳಿಸಿದ್ದೇವೆ. ಈಗ ಗಂಟೆ ಒಂದಾಯ್ತು. ಬರುವವ ಆದ್ರೆ ಇಷ್ಟರಲ್ಲಿ ಬರ್ತಿರ್ಲಿಲ್ವಾ? ಬಂದ್ರೂ ಎಂತ ಪ್ರಯೋಜನ? ಅವನದ್ದು ದೈವದ ಆಣೆ ಉಂಟು."

ಆಣೆಯ ವಿಷಯ ಅಲ್ಲಿದ್ದ ಎಲ್ಲರಿಗೂ ಗೊತ್ತು. ಎಂಟು ವರ್ಷದ ಹಿಂದೆ ಶೀನಪ್ಪ ತನ್ನ ಭಾವಮೈದುನ ಸುಧಾಕರನನ್ನು ಕಳ್ಳ ಎಂದಿದ್ದ. ಅದಕ್ಕೆ ಸುಧಾಕರ, ನಾನು ಕದ್ದಿಲ್ಲವೆಂದು ನೀವು ನಿಮ್ಮ ಮನೆಯಲ್ಲಿ ಹತ್ತು ಜನರ ಎದುರು ಹೇಳುವವರೆಗೆ ಆ ಮನೆಯ ನೀರು ನನ್ನ ಗಂಟಲಲ್ಲಿ ಇಳಿಯುವುದಿಲ್ಲ, ನೀವು ಸತ್ತರೆ ನಿಮ್ಮ ಬಾಯಿಗೆ ನನ್ನ ಕೈಯ ನೀರೂ ಇಲ್ಲ ಎಂದು ದೈವದ ಹೆಸರು ಹೇಳಿ ನೆಲ ಮುಟ್ಟಿದ್ದ. ಅಂಥ ಮಾತನ್ನು ಬಿಡಿಸದೆ ಮೀರುವ ಧೈರ್ಯ ನಮ್ಮ ಕಡೆ ಯಾರಿಗೂ ಇಲ್ಲ.

"ಆಣೆ ಬಿಡಿಸ್ಬಹುದಲ್ಲ?" ಎಂದಳು ದಮಯಂತಿ.

"ಬಿಡಿಸ್ಬೇಕಾದವ ಇಲ್ಲಿ ಮಲಗಿದ್ದಾನೆ."

"ಅವರ ಬದಲಿಗೆ ನಾನು ಹೇಳಿದ್ರೆ?"

ರುಕ್ಮಯ್ಯ ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. "ಮನೆಯವರು ಹೇಳ್ಬಹುದು. ಕ್ರಮ ಉಂಟು. ಆದ್ರೆ ಎಂತ ಹೇಳ್ಬೇಕಾಗ್ತದೆ ಅಂತ ಗೊತ್ತುಂಟಲ್ಲ? ಗಂಡನದ್ದೇ ತಪ್ಪು ಅಂತ, ಅವನ ಹೆಣದ ಎದುರಿನಲ್ಲಿ, ಇಷ್ಟು ಜನರ ಮುಂದೆ. ನಾಳೆ ಊರಿನವರು ಅದನ್ನೇ ಮಾತಾಡುದು. ಆಲೋಚನೆ ಮಾಡು."

"ಮಾಡಿಯಾಯ್ತು. ಮಕ್ಕಳಿಲ್ಲದ ನಮಗೆ ಮಗ ಅಂತ ಇದ್ದದ್ದು ಅವ ಒಬ್ಬ. ಅವನ ಕೈಯ ನೀರಿಲ್ಲದೆ ಇವರನ್ನು ಕಳಿಸ್ಲಿಕ್ಕೆ ನನ್ನಿಂದಾಗುದಿಲ್ಲ."

ಅಂಗಳದ ಬದಿಯಲ್ಲಿ ನಿಂತಿದ್ದ ಮೂಡುಬಿದಿರೆಯ ಹೋಟೆಲಿನ ಭೋಜ ಶೆಟ್ಟರು ಗಂಟಲು ಸರಿಮಾಡಿಕೊಂಡರು. "ನನ್ನ ಕಾರುಂಟು. ಹೋಗಿ ಕರ್ಕೊಂಡು ಬರ್ತೇನೆ."

"ನೀವೊಬ್ರೇ ಹೋದ್ರೆ ಅವ ಬರುದಿಲ್ಲ ಶೆಟ್ರೆ," ಎಂದ ಮೊಯಿದಿನಬ್ಬ. ಶೀನಪ್ಪನ ಗ್ಯಾರೇಜಿನ ಪಕ್ಕದ ಅಂಗಡಿಯಲ್ಲಿ ರೇಡಿಯೇಟರುಗಳಿಗೆ ಬೆಸುಗೆ ಹಾಕುವವನು ಅವನು. ಬೆಳಿಗ್ಗೆಯಿಂದ ಮೂಲೆಯಲ್ಲಿ ನಿಂತು ಒಂದೂ ಮಾತಾಡಿರಲಿಲ್ಲ. "ನಾನೂ ಬರ್ತೇನೆ. ನನಗೆ ಅವನಲ್ಲಿ ಹೇಳ್ಲಿಕ್ಕುಂಟು."

ರುಕ್ಮಯ್ಯ ಎದ್ದು ನಿಂತ. "ನಾಲ್ಕು ಗಂಟೆ. ಈ ಸೆಕೆಗೆ ಅದಕ್ಕಿಂತ ಮೇಲೆ ಇಟ್ಟುಕೊಳ್ಳುವ ಹಾಗಿಲ್ಲ. ನಾಲ್ಕಕ್ಕೆ ಯಾರು ಬರ್ಲಿ, ಬಿಡ್ಲಿ, ನಾನು ಎತ್ತಿಸ್ತೇನೆ."

* * *

ಶೆಟ್ಟರ ಆ ಕಾರು ಮೂಡುಬಿದಿರೆಗೆ ಬಂದದ್ದು ಎಪ್ಪತ್ತಾರರಲ್ಲಿ. ಘಟ್ಟದ ಮೇಲಿನ ಕಾಫಿ ತೋಟದ ದೊರೆಯೊಬ್ಬ ಮಾರಿ ಹೋದದ್ದು. ವಿಲಾಯಿತಿಯದು, ಎರಡೇ ಸೀಟು, ಮೇಲೆ ಚಾವಣಿಯಿಲ್ಲ, ಕೂತಲ್ಲಿಂದ ಕೈ ಇಳಿಬಿಟ್ಟರೆ ರಸ್ತೆಗೆ ತಾಗುವಷ್ಟು ತಗ್ಗು. ಹಿಂದೆ ಎಲ್ಲಿಯೋ ರೇಸಿನಲ್ಲಿ ಓಡಿದ್ದಂತೆ. ಊರಿನವರು ಅದಕ್ಕೆ ಮಂಡೆ ಇಲ್ಲದ ಕಾರು ಎಂದು ಹೆಸರಿಟ್ಟರು. ಇಡ್ಲಿ, ಬನ್ಸು ಮಾರುವ ಮನುಷ್ಯನಿಗೆ ಇಂಥ ಮರುಳು ಯಾಕೆ ಹಿಡಿಯಿತೆಂದು ಕೇಳಿದವರಿಗೆ ಶೆಟ್ಟರು ನಗುತ್ತಿದ್ದರು, ಅಷ್ಟೇ.

ಕಾರು ಮೊದಲ ಸಲ ಗ್ಯಾರೇಜಿಗೆ ಬಂದಾಗ ಶೀನಪ್ಪ ಬಾನೆಟ್ ಎತ್ತಿ, ಎಂಜಿನಿನ ನೆತ್ತಿಯ ಮೇಲಿದ್ದ ಮುಚ್ಚಳ ಬಿಚ್ಚಿ, ಒಳಗಿಂದ ಹಿತ್ತಾಳೆಯ ಒಂದು ಸಣ್ಣ ಸಾಮಾನನ್ನು ತೆಗೆದು ಡಬ್ಬಿಗೆ ಎಸೆದ. ಥರ್ಮೋಸ್ಟ್ಯಾಟ್. ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವುದು ಅದರ ಕೆಲಸ. "ಚಳಿ ದೇಶದವರಿಗೆ ಮಾಡಿದ್ದು ಇದು. ನಮ್ಮ ಸೆಕೆಗೆ ಎಂತಕ್ಕೆ?" ಎಂದ. ಆ ಕಾಲದಲ್ಲಿ ಮಂಗಳೂರಿನಿಂದ ಚಾರ್ಮಾಡಿಯವರೆಗೆ ಯಾವ ಮೆಕ್ಯಾನಿಕ್ಕನ ಕೈಗೆ ಗಾಡಿ ಕೊಟ್ಟರೂ ಮೊದಲು ಆಗುತ್ತಿದ್ದ ಕೆಲಸ ಅದೇ. ಡಬ್ಬಿಯಲ್ಲಿ ಅಂಥವು ಮೂವತ್ತೋ ನಲವತ್ತೋ ಇದ್ದವು. ಅದರ ಬಗ್ಗೆ ಯಾರೂ ಮತ್ತೆ ಯೋಚಿಸಲಿಲ್ಲ.

ಮರುವಾರ ಕಾರು ಚಾರ್ಮಾಡಿ ಘಾಟಿಯಲ್ಲಿ ಕುದಿಯಿತು. ಮುಂಡಾಜೆ ದಾಟಿ ಏರು ಹಿಡಿಯುತ್ತಲೇ ಬಿಸಿ ತೋರಿಸುವ ಮುಳ್ಳು ಮೇಲೆ ಹೋಯಿತು, ಬಾನೆಟ್ಟಿನಿಂದ ಹಬೆ ಎದ್ದಿತು. ಹೊಸ ಸೀರೆ ಉಟ್ಟು ಹೊರಟಿದ್ದ ಹೆಂಡತಿಯನ್ನು ಶೆಟ್ಟರು ಸೌದೆ ಲಾರಿಯಲ್ಲಿ ಕೂರಿಸಿ ಮನೆಗೆ ಕಳಿಸಬೇಕಾಯಿತು. ಊರಿಡೀ ನಗೆ.

ಶೀನಪ್ಪ ಹಟಕ್ಕೆ ಬಿದ್ದ. ಮೊಯಿದಿನಬ್ಬ ರೇಡಿಯೇಟರ್ ಇಳಿಸಿ ಕೊಳವೆ ಕೊಳವೆಗೂ ತಂತಿ ಹಾಕಿ ತೊಳೆದ, ಸಣ್ಣ ಸೋರಿಕೆಗೆಂದು ಮುಷ್ಟಿ ಅರಶಿನ ಪುಡಿಯನ್ನೂ ಹಾಕಿದ. ಬೆಲ್ಟ್ ಬದಲಾಯಿತು, ರೇಡಿಯೇಟರಿನ ಮುಚ್ಚಳ ಬದಲಾಯಿತು. ಏರಿಗೆ ಹೋದರೆ ಮತ್ತೆ ಅದೇ ಕುದಿ. ಕೊನೆಗೆ ನೀರು ತಳ್ಳುವ ಪಂಪಿನದ್ದೇ ತೊಂದರೆ ಎಂದು ನಿಶ್ಚಯವಾಗಿ, ಶೆಟ್ಟರು ಬೊಂಬಾಯಿಯಿಂದ ಹೊಸ ಪಂಪು ತರಿಸಿದರು. ಅದು ಬಂದ ದಿನ ಶೀನಪ್ಪ ಸಿದ್ಧಕಟ್ಟೆಯಲ್ಲಿ ಕೆಟ್ಟು ನಿಂತ ಬಸ್ಸಿನ ಅಡಿಯಲ್ಲಿದ್ದ. ಸುಧಾಕರ ಒಬ್ಬನೇ ಪಂಪು ಕೂರಿಸಿದ. ಹಳತು ಎಂದಿನಂತೆ ಗುಜರಿಯವನ ಚೀಲ ಸೇರಿತು. ಸುಧಾಕರನಿಗೆ ಆಗ ಇಪ್ಪತ್ತೆರಡು. ಹತ್ತು ವರ್ಷದವನಿದ್ದಾಗ ಅಪ್ಪ ಅಮ್ಮನನ್ನು ಕಳೆದುಕೊಂಡು ಅಕ್ಕನ ಮನೆಗೆ ಬಂದವನು, ಭಾವನ ಕೈಯಲ್ಲೇ ಕೆಲಸ ಕಲಿತವನು.

ಮೂರನೆಯ ದಿನ ಶೀನಪ್ಪನೇ ಕಾರನ್ನು ಘಾಟಿಗೆ ಕೊಂಡುಹೋದ. ಅದೇ ತಿರುವಿನಲ್ಲಿ ಕುದಿಯಿತು. ಇಳಿದು ಬಂದವನ ಮುಖ ಕಪ್ಪಿಟ್ಟಿತ್ತು. ಗ್ಯಾರೇಜಿನಲ್ಲಿ ಗಿರಾಕಿಗಳಿದ್ದರು, ಶೆಟ್ಟರಿದ್ದರು, ಬುತ್ತಿ ತಂದ ದಮಯಂತಿ ಬಾಗಿಲಲ್ಲಿದ್ದಳು.

"ಹೊಸ ಪಂಪು ಎಲ್ಲಿ?"

"ಹಾಕಿದ್ದೇನಲ್ಲ ಭಾವ."

"ಹೊಸ ಪಂಪು ಹಾಕಿದ ಕಾರು ಕುದಿಯುದುಂಟಾ? ಹಳತನ್ನೇ ತೊಳೆದು ಕೂರಿಸಿ ಹೊಸತನ್ನು ಯಾರಿಗೆ ಮಾರಿದೆ, ಹೇಳು."

ಸುಧಾಕರ ಮೊದಲು ತಮಾಷೆ ಎಂದುಕೊಂಡು ನಕ್ಕ. ಆಮೇಲೆ ಪಂಪನ್ನು ಬಿಚ್ಚಿ ತೋರಿಸಿದ. ಕುದಿನೀರಿನಲ್ಲಿ ಮೂರು ದಿನ ತಿರುಗಿದ ಪಂಪು ಕೆಂಪಗೆ ತುಕ್ಕು ಹಿಡಿದಿತ್ತು. ಇದು ಹಳತಲ್ಲ ಎಂದು ತೋರಿಸಲು ಅವನಲ್ಲಿ ಏನೂ ಉಳಿದಿರಲಿಲ್ಲ. ಅವನು ಬಾಗಿಲ ಕಡೆ ತಿರುಗಿ, "ಅಕ್ಕ, ನೀನಾದ್ರೂ ಹೇಳು," ಎಂದ. ದಮಯಂತಿ ನೆಲ ನೋಡಿದಳು. ಅವನು ನೆಲ ಮುಟ್ಟಿ ಆಣೆ ಹಾಕಿದ್ದು ಆಗ.

* * *

ಸೇತುವೆ ದಾಟಿದ ಕಾರು ಪುಂಜಾಲಕಟ್ಟೆಯ ಏರು ಹಿಡಿಯಿತು. ಮೇ ತಿಂಗಳ ಬಿಸಿಲು ನೇರ ನೆತ್ತಿಗೆ. ಭೋಜ ಶೆಟ್ಟರಿಗೆ ಈಗ ಅರುವತ್ತು ದಾಟಿದೆ, ಕಾರಿಗೂ ಹಾಗೆಯೇ ವಯಸ್ಸಾಗಿದೆ. ಆದರೆ ಮುಳ್ಳು ಮಾತ್ರ ಅರ್ಧದಲ್ಲಿ ಅಲುಗದೆ ನಿಂತಿತ್ತು.

"ಎಂಟು ವರ್ಷದಲ್ಲಿ ಒಂದು ದಿನವೂ ಕುದಿಲಿಲ್ಲ ಮಾರಾಯ," ಎಂದರು ಶೆಟ್ಟರು. "ಎಂತ ಮಾಡಿದ್ದು ಅಂತ ಕೇಳಿದ್ರೆ ಶೀನಪ್ಪ ಹೇಳ್ತಿರ್ಲಿಲ್ಲ. ಸರಿಯಾಯ್ತಲ್ಲ ಶೆಟ್ರೆ, ಓಡಿಸಿ ಅಂತ ಮಾತ್ರ ಹೇಳ್ತಿದ್ದ. ನಾನೂ ಬಿಟ್ಟುಬಿಟ್ಟೆ. ಆ ಹುಡುಗನ ವಿಷಯದಲ್ಲಿ ನಾನು ಒಂದು ಮಾತು ಆಡ್ಬೇಕಿತ್ತು, ಆಡ್ಲಿಲ್ಲ."

"ನನಗೆ ಗೊತ್ತುಂಟು ಎಂತ ಮಾಡಿದ್ದು ಅಂತ," ಎಂದ ಮೊಯಿದಿನಬ್ಬ. "ಅದನ್ನೇ ಹೇಳ್ಲಿಕ್ಕೆ ಹೋಗುದು."

* * *

ಸುಧಾಕರ ಹೊರಟುಹೋದ ಮೇಲೆಯೂ ಕಾರು ಐದು ತಿಂಗಳು ಗ್ಯಾರೇಜಿನಲ್ಲಿತ್ತು. ಕಳ್ಳನನ್ನು ಓಡಿಸಿದ್ದಾಯಿತು, ಕುದಿ ಹೋಗಲಿಲ್ಲ. ಇನ್ನೊಂದು ಪಂಪು ಹಾಕಿದರೂ ಹೋಗಲಿಲ್ಲ. ಅಲ್ಲಿಂದ ಶೀನಪ್ಪನಿಗೆ ಊಟ ಸೇರದಾಯಿತು.

ದೀಪಾವಳಿ ಕಳೆದು ಒಂದು ದಿನ ಅವನೂ ಮೊಯಿದಿನಬ್ಬನೂ ಕಾರನ್ನು ಘಾಟಿಗೆ ಹತ್ತಿಸಿ, ಕುದಿಯತೊಡಗಿದ ಕೂಡಲೇ ನಿಲ್ಲಿಸಿದರು. ಮೊಯಿದಿನಬ್ಬ ಅಭ್ಯಾಸಬಲದಿಂದ ರೇಡಿಯೇಟರಿನ ಅಡಿಗೆ ಕೈ ಹಾಕಿದವನು ಹಾಗೆಯೇ ಹಿಡಿದುಕೊಂಡು ಕೂತ. "ಶೀನಪ್ಪಣ್ಣ, ಇಲ್ಲಿ ಮುಟ್ಟಿ ನೋಡಿ. ಎಂಜಿನ್ ಸುಡ್ತಾ ಉಂಟು, ರೇಡಿಯೇಟರಿನ ಅಡಿ ಸ್ನಾನದ ನೀರಿನ ಹಾಗುಂಟು. ಬಿಸಿನೀರು ಇಲ್ಲಿಗೆ ಬರುದೇ ಕಮ್ಮಿ. ಎಂಜಿನಿನೊಳಗೇ ಸುತ್ತು ಹೊಡೀತಾ ಉಂಟು."

ಶೀನಪ್ಪ ಮುಟ್ಟಿ ನೋಡಿದ. ಆಮೇಲೆ ಎಂಜಿನಿನ ನೆತ್ತಿಯ ಮುಚ್ಚಳ ಬಿಚ್ಚಿ ಟಾರ್ಚು ಹಾಕಿದ. ಥರ್ಮೋಸ್ಟ್ಯಾಟ್ ಇರಬೇಕಾದ ಜಾಗದ ಪಕ್ಕದಲ್ಲಿ ನೀರು ಎಂಜಿನಿಗೇ ಹಿಂದೆ ಹೋಗುವ ಒಂದು ಅಡ್ಡದಾರಿ ಬಾಯಿ ತೆರೆದುಕೊಂಡಿತ್ತು. ಬಿಸಿಯಾದಾಗ ಆ ದಾರಿಯನ್ನು ಮುಚ್ಚಿ ನೀರನ್ನೆಲ್ಲ ರೇಡಿಯೇಟರಿಗೆ ತಿರುಗಿಸುವ ಕೆಲಸವೂ ಅದೇ ಸಣ್ಣ ಸಾಮಾನಿನದು. ಬೇರೆ ಗಾಡಿಗಳಲ್ಲಿ ಅದಿಲ್ಲದೆ ನಡೆಯುತ್ತಿತ್ತು. ಇದರಲ್ಲಿ ನಡೆಯುವಂತಿರಲಿಲ್ಲ.

ಗ್ಯಾರೇಜಿಗೆ ಬಂದು ಡಬ್ಬಿಯನ್ನು ನೆಲಕ್ಕೆ ಸುರಿದು, ಅಳತೆ ನೋಡಿ ಹುಡುಕಿ, ಅದನ್ನು ಮತ್ತೆ ಕೂರಿಸಿದ. ಮರುದಿನ ಕಾರು ಚೂರೂ ಹಬೆ ಬಿಡದೆ ಘಾಟಿಯ ತುದಿಗೆ ಹತ್ತಿತು. ಅಲ್ಲಿ ಮೋರಿಯ ಕಟ್ಟೆಯ ಮೇಲೆ ಕೂತು ಶೀನಪ್ಪ ಅತ್ತ. ಗಂಡಸು ಹಾಗೆ ಅಳುವುದನ್ನು ಮೊಯಿದಿನಬ್ಬ ಅದಕ್ಕಿಂತ ಮೊದಲು ನೋಡಿರಲಿಲ್ಲ.

"ನಾನೇ ತೆಗೆದು ಬಿಸಾಡಿ, ಅವನಿಗೆ ಕಳ್ಳ ಅಂತ ಹೇಳಿದೆನಲ್ಲ ಮೊಯಿದಿನಬ್ಬ."

"ಇಳಿಯುವಾಗ ಬೆಳ್ತಂಗಡಿಯಲ್ಲಿ ನಿಲ್ಲಿಸುವ. ಅಲ್ಲೇ ಅಂಗಡಿ ಇಟ್ಟಿದ್ದಾನಂತೆ. ಒಂದು ಮಾತು ಹೇಳಿಬಿಡಿ."

"ಆಗ್ಬಹುದು," ಎಂದಿದ್ದ ಶೀನಪ್ಪ. ಬೆಳ್ತಂಗಡಿ ಬಂತು, ಸುಧಾಕರನ ಅಂಗಡಿ ಕಂಡಿತು, ಒಳಗೆ ಯಾರೋ ಬಗ್ಗಿ ಕೆಲಸ ಮಾಡುವುದೂ ಕಂಡಿತು. ಶೀನಪ್ಪನ ಕಾಲು ಬ್ರೇಕಿಗೆ ಹೋಗಲಿಲ್ಲ. ಗುರುವಾಯನಕೆರೆ ದಾಟಿದ ಮೇಲೆ, "ನಾಳೆ ಬಸ್ಸಿನಲ್ಲಿ ಬಂದು ಹೇಳ್ತೇನೆ. ನೀನು ಯಾರಲ್ಲೂ ಬಾಯಿ ಬಿಡ್ಬೇಡ, ನಾನೇ ಹೇಳ್ಬೇಕು," ಎಂದ. ಮನೆಗೆ ಹೋಗಿ ದಮಯಂತಿಯಲ್ಲಿಯೂ ಎಲ್ಲ ಹೇಳಿ, ಅವಳಿಂದಲೂ ಅದೇ ಮಾತು ತೆಗೆದುಕೊಂಡ. ಕೈಹಿಡಿದು ಕಲಿಸಿದ ಹುಡುಗನೆದುರು ನನಗೆ ಕೆಲಸ ಗೊತ್ತಿರಲಿಲ್ಲ ಎಂದು ಒಪ್ಪಿಕೊಳ್ಳುವುದು ಅವನಿಗೆ ಸಾವಿನಷ್ಟು ಕಷ್ಟವಾಯಿತು. ಆ ನಾಳೆ ಬರಲೇ ಇಲ್ಲ.

* * *

ಸುಧಾಕರ ಜೀಪೊಂದರ ಅಡಿಯಿಂದ ತೆವಳಿ ಹೊರಬಂದ. ಮೂವತ್ತರ ಗಂಡಸು, ನಡುನೆತ್ತಿ ಆಗಲೇ ತೆಳುವಾಗಿತ್ತು. ಬಂದವರನ್ನು ನೋಡಿದ, ಕಾರನ್ನು ನೋಡಿದ, ಕೈ ಒರೆಸಿಕೊಂಡು ಮೊಯಿದಿನಬ್ಬನ ಕಡೆ ತಿರುಗಿದ.

"ಬೆಳಿಗ್ಗೆಯೇ ಗೊತ್ತಾಯ್ತು ಬ್ಯಾರಿಗಳೇ. ಎರಡು ಸಲ ಬಸ್ಸು ಹಿಡೀಲಿಕ್ಕೆ ಹೋದೆ. ಎರಡು ಸಲವೂ ವಾಪಸು ಬಂದೆ. ಆಣೆ ಇಟ್ಟುಕೊಂಡು ಅಲ್ಲಿ ಬಂದು ದೂರ ನಿಲ್ಲುದಾ? ಅದನ್ನು ಅಕ್ಕ ನೋಡುದಾ?"

ಮೊಯಿದಿನಬ್ಬ ನಿಂತಲ್ಲೇ ಎಲ್ಲವನ್ನೂ ಹೇಳಿದ. ಡಬ್ಬಿ, ಟಾರ್ಚು, ಮೋರಿ, ನಿಲ್ಲದೆ ಹೋದ ಕಾರು. ತಾನು ಮಾತು ಕೊಟ್ಟು ಬಾಯಿ ಮುಚ್ಚಿಕೊಂಡದ್ದನ್ನೂ ಹೇಳಿದ. "ಆಸ್ಪತ್ರೆಯಲ್ಲಿ ಕಡೆಗೂ ನಿನ್ನ ಹೆಸರೇ. ನನ್ನದೂ ತಪ್ಪುಂಟು. ಬೈಯುದಾದ್ರೆ ಬೈ. ಆದ್ರೆ ಈಗ ಬಾ."

ಭೋಜ ಶೆಟ್ಟರು ಈ ವಿಷಯ ಕೇಳುತ್ತಿರುವುದು ಅದೇ ಮೊದಲು. "ಥೂ, ನನ್ನ ದರಿದ್ರ ಕಾರು," ಎಂದು ಬಾನೆಟ್ಟಿಗೆ ಗುದ್ದಿದರು.

ಸುಧಾಕರ ಜೀಪಿಗೆ ಒರಗಿ ನಿಂತ. ಅವನು ಕೇಳಿದ್ದು ಭಾವನ ವಿಷಯವನ್ನಲ್ಲ.

"ಅಕ್ಕನಿಗೆ ಗೊತ್ತಿತ್ತಾ?"

ಮೊಯಿದಿನಬ್ಬ ಮುಖ ತಿರುಗಿಸಿದ. "ಅದನ್ನು ನೀನು ಅವರಲ್ಲಿಯೇ ಕೇಳ್ಬೇಕು."

"ಕೇಳ್ತೇನೆ," ಎಂದ ಸುಧಾಕರ. "ಭಾವ ಬೈದದ್ದು ನನಗೆ ಅಷ್ಟು ಲೆಕ್ಕಕ್ಕಿಲ್ಲ. ಅವರು ದಿನಕ್ಕೆ ನಾಲ್ಕು ಸಲ ಬೈಯುವವರೇ. ಆ ದಿನ ಅಕ್ಕ ಬಾಯಿ ಬಿಡ್ಲಿಲ್ಲ ನೋಡಿ, ಅದು ಈಗಲೂ ನನ್ನನ್ನು ತಿಂತಾ ಉಂಟು. ಸುಳ್ಳು ಹೇಳಿದ್ರೆ ಅಲ್ಲಿಂದಲೇ ತಿರುಗಿ ಬರ್ತೇನೆ. ನೀರೂ ಇಲ್ಲ, ಎಂತದೂ ಇಲ್ಲ."

ಕಾರಿನಲ್ಲಿ ಎರಡೇ ಸೀಟು. ಮೊಯಿದಿನಬ್ಬ ಬಾಗಿಲು ತೆರೆದು ಅವನನ್ನು ಕೂರಿಸಿದ. "ನೀವು ಹೋಗಿ. ನಾನು ಬಸ್ಸಿನಲ್ಲಿ ಬರ್ತೇನೆ. ಅಷ್ಟರಲ್ಲಿ ಶೀನಪ್ಪಣ್ಣ ಹೋಗಿಯಾಗಿರ್ತದೆ, ಅಡ್ಡಿಲ್ಲ. ನಾನು ನೋಡಿಯಾಗಿದೆ."

* * *

ಕಾರು ಅಂಗಳಕ್ಕೆ ಬಂದಾಗ ನಾಲ್ಕಕ್ಕೆ ಹತ್ತು ನಿಮಿಷ ಇತ್ತು. ರುಕ್ಮಯ್ಯ ಚಟ್ಟಕ್ಕೆ ಕೊನೆಯ ಹಗ್ಗ ಬಿಗಿಯುತ್ತಿದ್ದ. ಜನ ದಾರಿ ಬಿಟ್ಟರು. ಸುಧಾಕರ ಜಗಲಿಯ ಮೆಟ್ಟಿಲ ಕೆಳಗೆ ನಿಂತ, ಮೇಲೆ ಹತ್ತಲಿಲ್ಲ. ಅಲ್ಲಿಂದಲೇ ಭಾವನ ಮುಖ ನೋಡಿದ. ಮೂಗು ಚೂಪಾಗಿತ್ತು, ಗಲ್ಲ ಒಳಗೆ ಹೋಗಿತ್ತು.

ದಮಯಂತಿ ಚೊಂಬನ್ನು ಕೆಳಗಿಟ್ಟು ಎದ್ದಳು. ಬೆಳಿಗ್ಗೆಯಿಂದ ಕೂತ ಕಾಲು ಜೋಮು ಹಿಡಿದು ಕಂಬ ಹಿಡಿಯಬೇಕಾಯಿತು.

"ರುಕ್ಮಯ್ಯಣ್ಣ, ಎಲ್ಲರೂ ಕೇಳಿ," ಎಂದಳು. ಸ್ವರ ಒಡೆದಿತ್ತು, ಆದರೆ ಅಂಗಳದ ತುದಿಯವರೆಗೆ ಕೇಳಿಸಿತು. "ನನ್ನ ತಮ್ಮ ಕದ್ದಿಲ್ಲ. ಆ ಪಂಪು ಹೊಸತೇ ಆಗಿತ್ತು. ಕಾರು ಕುದಿದದ್ದು ಇವರ ಕೈಯ ತಪ್ಪಿನಿಂದ. ಇವರು ಅದನ್ನು ತಿಳಿದೂ ಹೇಳ್ಲಿಲ್ಲ. ಈ ಮನೆಯ ಮಾತಾಗಿ ನಾನು ಹೇಳ್ತಾ ಇದ್ದೇನೆ."

ಯಾರೋ ಹೆಂಗಸು ಒಳಗೆ ಬಿಕ್ಕಿದಳು. ಶೀನಪ್ಪನ ಕೈಯಲ್ಲಿ ಕೆಲಸ ಕಲಿತ ನಾಲ್ಕಾರು ಮೆಕ್ಯಾನಿಕ್ಕರು ತಲೆ ತಗ್ಗಿಸಿದರು. ರುಕ್ಮಯ್ಯ ಹಗ್ಗ ಬಿಟ್ಟು ನಿಂತ.

"ಯಾವಾಗ ಗೊತ್ತಾದದ್ದು ನಿನಗೆ?" ಎಂದು ಸುಧಾಕರ ಕೇಳಿದ.

ದಮಯಂತಿ ಭೋಜ ಶೆಟ್ಟರನ್ನು ನೋಡಿದಳು, ಗಂಡನನ್ನು ನೋಡಿದಳು. ಮೊನ್ನೆ ಆಸ್ಪತ್ರೆಯಲ್ಲಿ ಹೇಳಿದರು ಎಂದರೆ ಮುಗಿಯುತ್ತಿತ್ತು. ಅಲ್ಲ ಎನ್ನುವವರು ಆ ಅಂಗಳದಲ್ಲಿ ಯಾರೂ ಇರಲಿಲ್ಲ.

"ಎಂಟು ವರ್ಷ ಆಯ್ತು," ಎಂದಳು. "ಅವರಿಗೆ ಗೊತ್ತಾದ ದಿನವೇ ನನಗೂ ಗೊತ್ತಾದದ್ದು. ಹೇಳ್ಬೇಡ ಅಂತ ಹೇಳಿದ್ರು, ಹೇಳ್ಲಿಲ್ಲ. ಅವರ ಮರ್ಯಾದೆ ನೋಡಿದೆ, ನಿನ್ನದು ನೋಡ್ಲಿಲ್ಲ. ನೀನು ನನಗೆ ಎಂತ ಬೇಕಾದ್ರೂ ಮಾಡು ಸುಧಾಕರ. ಇವರ ಬಾಯಿಗೆ ಮಾತ್ರ ಒಂದು ಹನಿ ಬಿಡು."

ಸುಧಾಕರ ತಿರುಗಿದ. ತಿರುಗಿ ನಾಲ್ಕು ಹೆಜ್ಜೆ ನಡೆದ. ದಮಯಂತಿ ಕಂಬವನ್ನು ತಬ್ಬಿ ಹಿಡಿದಳು. ಭೋಜ ಶೆಟ್ಟರು ಅವನನ್ನು ತಡೆಯಲು ಕೈ ಎತ್ತಿ, ಹಾಗೆಯೇ ಬಿಟ್ಟರು. ಅವನು ಕಾರನ್ನು ದಾಟಿ, ಅಂಗಳದ ಮೂಲೆಯ ಬಾವಿಯ ಬಳಿಗೆ ಹೋಗಿ ನಿಂತ. ಕಟ್ಟೆಯ ಮೇಲೆ ಎರಡೂ ಕೈ ಊರಿ ತಳದ ನೀರನ್ನು ನೋಡಿದ.

"ನನಗೆ ಬಾಯಾರಿಕೆ ಅಕ್ಕ," ಎಂದ.

"ಹೆಣ ಎತ್ತುವ ಮೊದಲು ಈ ಮನೆಯಲ್ಲಿ ಬಾಯಿಗೆ ಎಂತದೂ ಹಾಕುವ ಕ್ರಮ ಇಲ್ಲ," ಎಂದು ರುಕ್ಮಯ್ಯ ಮುಂದೆ ಬಂದ.

"ಕುಡೀಲಿ," ಎಂದಳು ದಮಯಂತಿ. ಅವಳು ಆಗಲೇ ಮೆಟ್ಟಿಲಿಳಿದು ಅಂಗಳ ದಾಟುತ್ತಿದ್ದಳು.

ಕೊಡಪಾನ ಬಿಟ್ಟಳು. ಬೇಸಗೆಯ ಬಾವಿ, ಹಗ್ಗ ಬಹಳ ಹೊತ್ತು ಇಳಿಯಿತು. ಮೇಲಕ್ಕೆ ಸೇದಿ ಕಟ್ಟೆಯ ಮೇಲಿಟ್ಟು, ಬಾಗಿಸಿದಳು. ಸುಧಾಕರ ಬಗ್ಗಿ ಎರಡೂ ಕೈಗಳ ಬೊಗಸೆ ಒಡ್ಡಿದ. ಅವಳು ಹೊಯ್ದಳು, ಎಂಟು ವರ್ಷದ ಮೇಲೆ ಆ ಮನೆಯ ನೀರನ್ನು ಅವನು ಕುಡಿದ. ಬೊಗಸೆ ಬರಿದಾಯಿತು, ಅವಳು ಮತ್ತೆ ಹೊಯ್ದಳು. ನೀರು ಅವನ ಮೊಣಕೈಯಿಂದ ಇಳಿದು ಇಬ್ಬರ ಕಾಲನ್ನೂ ನೆನೆಸಿತು. ಜಗಲಿಯ ಮೇಲೆ ತುಳಸಿ ನೀರಿನ ಚೊಂಬಿನ ಪಕ್ಕದಲ್ಲಿ ಶೀನಪ್ಪನೂ, ಅಂಗಳದ ತುಂಬ ಊರಿನವರೂ, ಅವನು ಕುಡಿದು ಮುಗಿಸುವುದನ್ನು ಕಾದರು.